ನಾಲ್ಕನೇ ತರಗತಿಯವರು ಅಳೆದ ಮಾರು

ನಮ್ಮ ಮನೆಯಲ್ಲಿ ಡಿಗ್ರಿ ಓದಿದವಳು ನಾನೇ ಮೊದಲು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಹರವೆಯಿಂದ ಚಾಮರಾಜನಗರಕ್ಕೆ ಬೆಳಗಿನ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಬಿ.ಎ. ಮುಗಿಸಿದೆ. ಅರಿಶಿನ ಕೀಳುವ ಕಾಲದಲ್ಲಿ ರಜೆ ಸಿಕ್ಕಾಗಲೆಲ್ಲ ಅವ್ವನ ಜೊತೆ ಕೂಲಿಗೆ ಹೋದೆ. ಆಮೇಲೆ ಬಿ.ಎಡ್. ಮಾಡಿದೆ. ಈಗ ಗುಂಡ್ಲುಪೇಟೆಯಲ್ಲಿ ಮನೆ ಮಾಡಿಕೊಂಡು, ಹಂಗಳದ ಹತ್ತಿರದ ಒಂದು ಊರಿನ ಸರ್ಕಾರಿ ಶಾಲೆಗೆ ಅತಿಥಿ ಶಿಕ್ಷಕಿಯಾಗಿ ಹೋಗಿಬರುತ್ತೇನೆ. ನಾಲ್ಕನೇ ತರಗತಿ ಪೂರ್ತಿ ನನ್ನದು: ಕನ್ನಡ, ಇಂಗ್ಲಿಷ್, ಗಣಿತ, ಪರಿಸರ.

ಜೂನ್‌ನಿಂದ ದಸರಾ ರಜೆಯವರೆಗೆ ಮಕ್ಕಳು ಏನು ಕಲಿತರು ಎಂದು ಯಾರಾದರೂ ಕೇಳಿದರೆ ಪಾಠಗಳ ಹೆಸರು ಹೇಳಿ ಮುಗಿಸಬಹುದು. ಆದರೆ ಕಲಿತದ್ದು ಪಾಠದೊಳಗೆ ಸುಮ್ಮನೆ ಕೂರುವುದಿಲ್ಲ. ಹೋದ ವರ್ಷ ಇಂಗ್ಲಿಷ್‌ನಲ್ಲಿ ಪ್ರಶ್ನೆ ಕೇಳುವುದನ್ನು ಕಲಿಸಿದೆ. ಅದೇ ವಾರ, ರಸ್ತೆ ಬದಿಯ ಸೂರ್ಯಕಾಂತಿ ಹೊಲದಲ್ಲಿ ಫೋಟೊ ತೆಗೆಸಿಕೊಳ್ಳಲು ಕಾರು ನಿಲ್ಲಿಸಿದ ಕೇರಳದವರನ್ನು ನನ್ನ ಮಕ್ಕಳು ಸುತ್ತುವರಿದು ‘ವೇರ್ ಆರ್ ಯು ಫ್ರಮ್’ ಎಂದು ಕೇಳಿದರಂತೆ. ಉತ್ತರ ಮಲಯಾಳದಲ್ಲಿ ಬಂತು. ಮಾರನೆಯ ದಿನ ನನ್ನ ಮೇಲೆಯೇ ದೂರು: “ಮಿಸ್, ನೀವು ಬರ್ಸಿದ್ ಉತ್ತರಾನ ಅವ್ರು ಯೋಳ್ನೇ ಇಲ್ಲ.”

ಆ ವರ್ಷ ಗಣಿತದಲ್ಲಿ ಉದ್ದದ ಅಳತೆ, ಪರಿಸರದಲ್ಲಿ ನಮ್ಮ ದೇಹದ ಪಾಠ ಹೆಚ್ಚುಕಡಿಮೆ ಒಟ್ಟಿಗೆ ಬಂದವು. ಎರಡನ್ನೂ ಸೇರಿಸಿಯೇ ಮಾಡಿಸಿದೆ. ಎರಡು ಕೈ ಅಗಲಿಸಿದರೆ ಒಂದು ಮಾರು. ಇದು ಹೂ ಕಟ್ಟುವ ಮನೆಯ ಮಕ್ಕಳಿಗೆ ಹೇಳಿಕೊಡಬೇಕಾದದ್ದಲ್ಲ. ಗೋಡೆಗೆ ಒರಗಿ ನಿಂತು ಒಬ್ಬರ ಮಾರನ್ನು ಇನ್ನೊಬ್ಬರು ಟೇಪಿನಲ್ಲಿ ಅಳೆದರು. ಮಾರು ಅವರವರ ಎತ್ತರದಷ್ಟೇ ಇರುತ್ತದೆ, ಕುಳ್ಳಗಿರುವವರದ್ದು ಕುಳ್ಳು ಮಾರು ಎಂದು ಅವರೇ ಕಂಡುಕೊಂಡು ಕುಣಿದರು. ಶನಿವಾರ ಟೇಪನ್ನು ಒಬ್ಬ ಹುಡುಗಿಯ ಕೈಯಲ್ಲಿ ಮನೆಗೆ ಕೊಟ್ಟು ಕಳಿಸಿದೆ. ಮನೆಯಲ್ಲಿ ಏನಾದರೂ ಅಳೆದು, ಸೋಮವಾರ ಬಂದು ಕಂಡದ್ದನ್ನು ಕಂಡ ಹಾಗೆ ಹೇಳಬೇಕು. ಅದು ಕನ್ನಡದ ಪಾಲು.

ಟೇಪು ತೆಗೆದುಕೊಂಡು ಹೋದ ಹುಡುಗಿ ಸೋಮವಾರ ಬರಲಿಲ್ಲ. ಅವಳ ಅಪ್ಪ ಅಮ್ಮ ಬದನಗುಪ್ಪೆಯ ಕಡೆ ಫ್ಯಾಕ್ಟರಿಗೆ ಹೋಗುವವರು, ಅಲ್ಲೇ ಬಾಡಿಗೆ ಮನೆಯಲ್ಲಿದ್ದಾರೆ. ಇವಳು ಊರಲ್ಲಿ ಅಜ್ಜಿಯ ಹತ್ತಿರ. ಅಜ್ಜಿ ದಿನಾ ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿನ ಪಕ್ಕ ಕುಳಿತು ಹೂ ಮಾರುತ್ತಾರೆ. ಏನಾಯಿತೆಂದು ಪಕ್ಕದ ಮನೆಯ ಹುಡುಗ ಹೇಳಿದ.

“ಅವ್ಳು ಪ್ಯಾಟೇಲಿ ಅಜ್ಜಿ ಮಾರ್ನೂ ಪಕ್ಕದ್ ಅಂಗ್ಡಿಯಕ್ಕನ್ ಮಾರ್ನೂ ಅಳ್ದವ್ಳೆ ಮಿಸ್. ನಿಂದೇ ಕಮ್ಮಿ ಕಣಜ್ಜಿ ಅಂತ ಗಿರಾಕಿ ಮುಂದೇನೇ ಅಂದ್ಬುಟ್ಟವ್ಳೆ. ಗಿರಾಕಿ ಆ ಅಕ್ಕನ್ ತಾವ್ಕೆ ಓಗ್ಬುಟ್ರಂತೆ.”

“ಅಜ್ಜಿ ಹೊಡೆದ್ರಾ?”

“ಇಲ್ಲ. ಇನ್ನು ಇಸ್ಕೂಲ್ ಬ್ಯಾಡ ಅಂದ್ರಂತೆ.”

ತರಗತಿ ನಕ್ಕಿತು. ನಾನು ನಗಲಿಲ್ಲ. ಶಾಲೆ ಬೇಡ ಎಂಬ ಮಾತು ಸಿಟ್ಟಿನಲ್ಲಿ ಬಂದರೂ, ಒಂದು ವಾರ ಕಳೆದರೆ ಅದೇ ಅಭ್ಯಾಸವಾಗಿಬಿಡುತ್ತದೆ. ನನ್ನ ಅಕ್ಕನ ಓದು ನಿಂತದ್ದು ಹಾಗೆಯೇ. ಯಾರೂ ಕೂತು ಬಿಡಿಸಬೇಕೆಂದು ತೀರ್ಮಾನಿಸಿರಲಿಲ್ಲ.

ಸಂಜೆ ಬಸ್ಸಿಳಿದವಳು ಮನೆಗೆ ಹೋಗದೆ ನೆಟ್ಟಗೆ ಹೂವಿನವರ ಹತ್ತಿರ ಹೋದೆ. ಹುಡುಗಿ ಅಜ್ಜಿಯ ಹಿಂದೆ ಕುಳಿತು ಸೇವಂತಿಗೆ ಜೋಡಿಸಿ ಕೊಡುತ್ತಿದ್ದಳು. ನನ್ನನ್ನು ನೋಡಿ ಎದ್ದು ನಿಂತಳು. ಅಜ್ಜಿ ಲಂಗ ಹಿಡಿದು ಕೂರಿಸಿದರು.

“ಬನ್ನಿ ಮೇಡಮ್ಮ. ಎಲ್ಲಿ, ಇನ್ನೊಂದು ಟೇಪು ತಂದಿದ್ದೀರಾ? ನನ್ನ ಮೂಗು ಒಂದು ಅಳೀದೆ ಉಳ್ಕಂಡದೆ.”

ಪಕ್ಕದ ಅಂಗಡಿಯ ಎತ್ತರದ ಹೆಂಗಸು ಸೆರಗು ಬಾಯಿಗೆ ಇಟ್ಟುಕೊಂಡಳು.

“ನಾಳೆಯಿಂದ ಇವಳನ್ನ ಕಳಿಸಿ ಅಜ್ಜಿ.”

“ಆಯುಧಪೂಜೆ ಗಂಟ ಹೂ ಕಟ್ಲಿ. ಆಮೇಕೆ ನೋಡನ. ಅಕ್ಸರ ಕಲೀಲಿ ಅಂತ ಕಳ್ಸುದ್ರೆ ಅಜ್ಜಿ ಮೋಸಗಾತಿ ಅಂತ ಕಲ್ತ್‌ಕ ಬಂದವ್ಳೆ. ಇಷ್ಟ್ ವರ್ಸ ಈ ಜಾಗದಲ್ಲಿ ಕುಂತಿವ್ನಿ, ಒಬ್ರು ಅಂಗೆ ಅಂದಿಲ್ಲ ಕಣವ್ವ.”

“ನಾ ಮೋಸ ಅನ್ನಲಿಲ್ಲ,” ಎಂದಳು ಹುಡುಗಿ, ಹೂವಿನ ಕಡೆಯೇ ನೋಡುತ್ತ. “ಕಮ್ಮಿ ಅಂದೆ.”

“ಯಾಕೆ ಕಮ್ಮಿ?” ಎಂದು ಕೇಳಿದೆ.

“ಅಜ್ಜಿ ಕುಳ್ಳಿ. ಆ ಅಕ್ಕ ಉದ್ದ.”

“ನೀನು ಅಳೆದದ್ದು ಏನು?”

“ಮಾರು.”

“ಅಜ್ಜಿ ಗಿರಾಕಿಗೆ ಅಷ್ಟನ್ನೇ ಕತ್ತರಿಸಿ ಕೊಡ್ತಾರಾ?”

ಅವಳು ಕೈ ನಿಲ್ಲಿಸಿದಳು. ಉತ್ತರ ಅವಳಿಗೆ ಗೊತ್ತಿತ್ತು, ದಿನಾ ನೋಡುವವಳು. “ಇಲ್ಲ. ಕೊಸರು ಕೊಡುತ್ತೆ.”

ಕೊಸರೆಂದರೆ ಅಳತೆ ಆದಮೇಲೆ ಕೈ ಎತ್ತಿ ಕೊಡುವ ಚೂರು. ನಮ್ಮ ಕಡೆ ಕೊಸರಿಲ್ಲದೆ ಯಾರೂ ಹೂ ಕೊಳ್ಳುವುದಿಲ್ಲ, ಮಾರುವುದೂ ಇಲ್ಲ. ಕೇಳದಿದ್ದರೂ ಬರುವುದರಿಂದ ಅದು ಮಕ್ಕಳ ಲೆಕ್ಕಕ್ಕೆ ಸಿಗಲಿಲ್ಲ.

“ಹಾಗಾದ್ರೆ ನಿನ್ನ ಅಳತೆ ಮುಗಿದಿಲ್ಲ. ಟೇಪು ತೆಗಿ.”

“ಮತ್ತೆ ಸುರು ಮಾಡುದ್ರಾ?” ಎಂದು ಅಜ್ಜಿ ಬೈದರು. ಆದರೆ ಹೂವಿನ ಉಂಡೆ ಎತ್ತಿಕೊಂಡು ಕೈ ಅಗಲಿಸಿದರು. ಮಾರು ಹಾಕಿ, ಎಂದಿನ ಹಾಗೆ ಒಂದು ಗೇಣಿಗಿಂತ ಜಾಸ್ತಿಯೇ ಬಿಟ್ಟು ಕತ್ತರಿಸಿದರು. ಪಕ್ಕದವಳೂ ತನ್ನದನ್ನು ಕತ್ತರಿಸಿ ಕೊಟ್ಟಳು. ಅವಳ ಕೊಸರು ನಾಲ್ಕು ಹೂವಷ್ಟು. ಹುಡುಗಿ ಎರಡನ್ನೂ ಗೋಣಿತಾಟಿನ ಮೇಲೆ ನೀಟಾಗಿ ಚಾಚಿ, ಟೇಪು ಹಿಡಿದು, ಎರಡು ಸಲ ಓದಿದಳು. ಬಸ್ಸಿಗೆ ಕಾಯುತ್ತಿದ್ದವರು ಬಗ್ಗಿ ನೋಡಿದರು.

“ಅಜ್ಜೀದೇ ಒಂದ್ ಬೆರಳಷ್ಟು ಜಾಸ್ತಿ,” ಎಂದಳು. ಇದನ್ನೂ ಗಟ್ಟಿಯಾಗಿಯೇ ಹೇಳಿದಳು.

“ನೋಡಕ್ಕ ಮೊಮ್ಮಗಳ,” ಎಂದಳು ಪಕ್ಕದವಳು. “ಅವತ್ತು ನಿನ್ ಗಿರಾಕಿ ಓಡ್ಸುದ್ಲು, ಇವತ್ತು ನನ್ ಗಿರಾಕಿ ಓಡುಸ್ತಾವ್ಳೆ. ಇವಳ್ನ ಇಸ್ಕೂಲ್ಗೇ ಕಳ್ಸವ್ವ, ಇಲ್ಲಿ ಬುಟ್ರೆ ನಾವಿಬ್ರೂ ಅಂಗ್ಡಿ ಎತ್ತ್‌ಬೇಕಾಯ್ತದೆ.”

ಅಜ್ಜಿ ನಗು ತಡೆದುಕೊಂಡರು. ವ್ಯಾಪಾರ ಬಲ್ಲವರು, ಚೌಕಾಸಿ ಶುರು ಮಾಡಿದರು. “ಕಳುಸ್ತೀನಿ. ಆದ್ರೆ ಅಬ್ಬದ್ ದಿಸ ಕಳ್ಸಕಾಯ್ತಿಲ್ಲ.”

“ಹಬ್ಬಕ್ಕೆ ಶಾಲೆಗೇ ರಜೆ ಅಜ್ಜಿ.”

“ಗಿರಾಕಿ ಮುಂದೆ ಅಳೀಬ್ಯಾಡ ಅಂತ ಯೋಳಿ.”

“ಅದನ್ನ ಹೇಳಲ್ಲ. ಅಳೆಯೋದಾದ್ರೆ ಪೂರ್ತಿ ಅಳಿ ಅಂತ ಹೇಳ್ತೀನಿ.”

ಕಲಿಸಿದ್ದರಲ್ಲಿ ತಪ್ಪಿರಲಿಲ್ಲ, ಅರ್ಧವಾಗಿತ್ತು ಅಷ್ಟೆ. ಅರ್ಧ ಕಲಿತದ್ದಕ್ಕೆ ಮದ್ದು ಉಳಿದರ್ಧ ಕಲಿಯುವುದು, ಶಾಲೆ ಬಿಡಿಸುವುದಲ್ಲ. ಇದನ್ನು ಯಾರ ಮುಂದೆ ಬೇಕಾದರೂ ಹೇಳಬಲ್ಲೆ.

“ಬಲೇ ಗಟ್ಟಿ ನೀನು,” ಎಂದು ಅಜ್ಜಿ ಬಹುವಚನ ಬಿಟ್ಟರು. ಮೊಮ್ಮಗಳಿಗೆ, “ಏಳು, ಮೊಕ ತೊಳ್ಕ. ಬೆಳಿಗ್ಗೆ ಒಂಟಾಗ ಜಡೆ ಹಾಕ್ಸ್‌ಕ ಓಗು ಕಣಮ್ಮಿ, ಕೆದರ್ಕಂಡ್ ಓಗ್ಬ್ಯಾಡ.”

ಮಾರನೆಯ ದಿನ ಪ್ರಾರ್ಥನೆಗೆ ಮುಂಚೆಯೇ ಬಂದಿದ್ದಳು. ಸೋಮವಾರದ ಪಾಲು ಬಾಕಿಯಿತ್ತಲ್ಲ, ಎದುರಿಗೆ ನಿಲ್ಲಿಸಿದೆ. ಮೊದಲು ಎಲ್ಲಿ ತಪ್ಪಿದಳು, ಅಜ್ಜಿ ಏನೆಂದರು, ಪಕ್ಕದವಳು ಏನೆಂದಳು, ಯಾವುದನ್ನೂ ಬಿಡದೆ ಹೇಳಿದಳು. ಮೋಸಗಾತಿ ಎಂಬ ಮಾತು ಬಂದಾಗ ಮಾತ್ರ ದನಿ ಇಳಿಸಿದಳು. ಹಿಂದಿನ ಸಾಲಿನಿಂದ ಒಬ್ಬ ಕೇಳಿದ: “ಕೊಸರ್ನ ಯಾವ್ ಲೆಕ್ಕಕ್ಕೆ ಸೇರ್ಸಾದು ಮಿಸ್?”

“ಕೂಡುವ ಲೆಕ್ಕಕ್ಕೆ,” ಎಂದು ಅವಳೇ ಉತ್ತರ ಕೊಟ್ಟು, ತನ್ನ ಜಾಗಕ್ಕೆ ಹೋಗಿ ಕುಳಿತಳು.