‘ಆರಾಮ’ದ ಹಿಂದೆ ಬಿದ್ದ ಬಷೀರುನ್ನೀಸಾ

ಕಮಲಾಪುರದ ಬಾಳೆ ತೋಟದ ಬದುವಿನ ಮೇಲೆ ಇನ್ನೂ ಬೆಳಕು ಬಿದ್ದಿಲ್ಲ. ಮಂಜಿನಲ್ಲಿ ಹೆಂಗಸರು ನೀರಿನ ಚರಗಿ ಹಿಡಿದು ಬಯಲಕಡೆಗೆ ಹೋಗುತ್ತಿದ್ದಾರೆ. ಮುಖ ಕಾಣದು, ಬಳೆ ಸದ್ದಷ್ಟೇ ಕೇಳುತ್ತದೆ. ಹೋಗುವವರನ್ನು ಇಲ್ಲಿ ಯಾರೂ ಮಾತಾಡಿಸುವುದಿಲ್ಲ. ಹಾಗಾಗಿ ಬಷೀರುನ್ನೀಸಾ ಕಪ್ಪು ಬುರ್ಖಾದಲ್ಲಿ ಬೇವಿನ ಮರದ ಕೆಳಗೆ ನಿಂತು, ಅವರು ಮರಳುವುದನ್ನು ಕಾಯುತ್ತಾರೆ. ಮೊದಮೊದಲು ಈಕೆಯನ್ನೇ ದೆವ್ವವೆಂದುಕೊಂಡು ಚರಗಿ ಬಿಟ್ಟು ಓಡಿದವರಿದ್ದಾರಂತೆ.

ಈಕೆ ಕಲಬುರಗಿಯ ಹೊಟ್ಟೆ ಡಾಕ್ಟರೊಬ್ಬರ ಬಳಿ ಕೆಲಸಕ್ಕಿದ್ದಾರೆ. ಯಾವ ಪರೀಕ್ಷೆಯಲ್ಲೂ ಸಿಗದೆ, ಹೊಟ್ಟೆ ಹಿಂಡಿ ಮತ್ತೆ ಮತ್ತೆ ಬಯಲಿಗೆ ಓಡಿಸುವ ಕರುಳಿನ ಕಾಯಿಲೆಗೆ ಹೊಸ ಗುಳಿಗೆ ಬಂದಿದೆ. ಅದು ನಾಟುತ್ತದೋ ಇಲ್ಲವೋ ನೋಡಬೇಕು. ಒಪ್ಪಿದವರಲ್ಲಿ ಅರ್ಧ ಜನರಿಗೆ ಔಷಧ, ಉಳಿದವರಿಗೆ ಅದೇ ಬಣ್ಣದ ಬರೀ ಹಿಟ್ಟಿನ ಗುಳಿಗೆ. ಯಾರಿಗೆ ಯಾವುದೆಂದು ಡಾಕ್ಟರಿಗೂ ಗೊತ್ತಿಲ್ಲ, ಹಂಚುವ ಈಕೆಗೂ ಗೊತ್ತಿಲ್ಲ. ನಂದೂರಿನ ದಾಲ್ ಮಿಲ್ಲಿನಲ್ಲಿ ಗಂಡನ ಕೈ ಹೋದ ಮೇಲೆ ಹಿಡಿದ ಕೆಲಸವಿದು. ವಾರಕ್ಕೊಮ್ಮೆ ಹಿಂದಿನ ಸಂಜೆಯೇ ಬಂದು ಊರಲ್ಲಿ ಉಳಿಯುತ್ತಾರೆ.

ಹೋದ ವರ್ಷ, ತೊಂಬತ್ತೇಳರಲ್ಲಿ, ಈಕೆಯ ಖುಷಿಗೆ ಪಾರವಿರಲಿಲ್ಲ. ಔಷಧದವರು, ಹಿಟ್ಟಿನವರು ಎಂಬ ಭೇದವಿಲ್ಲದೆ ಎಲ್ಲರೂ ಗುಣವಾಗಿಬಿಟ್ಟಿದ್ದರು.

“‘ಆರಾಮ ಏನ್ರೀ?’ ಅಂತ ಕೇಳತಿದ್ದೆ. ‘ಆರಾಮ ರೀ’ ಅಂತಿದ್ರು. ನಾನು ರೋಗ ಕೇಳತಿದ್ದೆ, ಅವರು ಮಾತಿಗೆ ಮಾತು ಕೊಡತಿದ್ರು,” ಎನ್ನುತ್ತಾರೆ.

ಅದು ತಿಳಿದದ್ದು ಇಂಥದೇ ಒಂದು ನಸುಕಿನಲ್ಲಿ. ಬದುವಿನ ಪಕ್ಕ ಬಳೆ ಸದ್ದಾಯಿತು. ರೂಢಿಯಂತೆ ಈಕೆ ‘ಆರಾಮ ಏನ್ರೀ?’ ಎಂದು ಕೇಳಿದರು. ‘ಆರಾಮ ರೀ’ ಎಂದಿತು ಗುಳಿಗೆ ತಿನ್ನುತ್ತಿದ್ದ ಸಾಬಮ್ಮನ ದನಿ. ಬಷೀರುನ್ನೀಸಾ ಮುಂದೆ ನಡೆದರು.

“ನಾಕ ಹೆಜ್ಜಿ ಹೋಗಿದ್ದೆ. ಆಮ್ಯಾಲ ಮೈ ಝುಂ ಅಂತು ರೀ. ಆ ದನಿ ನೆಲದಾಗಿಂದ ಬಂದಿತ್ತು.”

ಹೇಳುವಾಗ ಈಗಲೂ ಅವರ ಕಣ್ಣು ಕೆಳಗೇ ನೆಟ್ಟಿರುತ್ತದೆ. ರಾತ್ರಿಯಿಡೀ ಭೇದಿಯಾಗಿ ಮೈಯ ನೀರೆಲ್ಲ ಹೋದ ಸಾಬಮ್ಮ, ಏಳಲಾಗದೆ ಬಾಳೆ ಎಲೆಗಳ ನಡುವೆ ಬಿದ್ದಿದ್ದಳು. ಬಾಳೆಕಾಯಿ ಲಾರಿಯಲ್ಲಿ ಹಾಕಿಕೊಂಡು ಕಲಬುರಗಿಗೆ ಒಯ್ದರು. ಹಾಗೇಕೆ ಹೇಳಿದೆಯೆಂದು ದಾರಿಯಲ್ಲಿ ಕೇಳಿದರೆ, ಕಣ್ಣು ಮುಚ್ಚಿಕೊಂಡೇ ಉತ್ತರಿಸಿದಳಂತೆ: “ಕೇಳಿದವರಿಗೆ ಮತ್ತೇನು ಅನ್ಲಿ ರೀ?”

ಸಾಬಮ್ಮ ಬದುಕಿದಳು. ಆಕೆ ತಿನ್ನುತ್ತಿದ್ದದ್ದು ಹಿಟ್ಟಿನ ಗುಳಿಗೆ ಎಂದು ಆಮೇಲೆ ಗೊತ್ತಾಯಿತು. ಅದುವರೆಗಿನ ‘ಆರಾಮ’ಗಳನ್ನೆಲ್ಲ ಡಾಕ್ಟರು ಹೊಡೆದುಹಾಕಿ ಕೆಲಸವನ್ನು ಮೊದಲಿನಿಂದ ಶುರು ಮಾಡಿಸಿದರು. ಈಗ ಬಷೀರುನ್ನೀಸಾ ಕೇಳುವುದೇ ಬೇರೆ: ನಿನ್ನೆಯಿಂದ ಎಷ್ಟು ಸಲ ಚರಗಿ ತುಂಬಿದಿ? ಹೆಂಗಸರು ನಾಚುತ್ತಾರೆ, ನಗುತ್ತಾರೆ, ಕಡೆಗೆ ಲೆಕ್ಕ ಹೇಳುತ್ತಾರೆ. ಗುಣವಾದವರು ಬಹಳ ಕಡಿಮೆ. ಡಾಕ್ಟರ ಮುಖ ಸಣ್ಣದಾಗಿದೆ.

ನಿಮಗೂ ಬೇಸರವೇ ಎಂದೆ. ಅವರು ಇಲ್ಲವೆಂದು ತಲೆಯಾಡಿಸಿದರು.

“ಗುಳಿಗಿ ಸೋತರ ಸೋಲ್ಲಿ ರೀ, ಇನ್ನೊಂದು ಬರ್ತದ. ನನ್ನ ಮಾತಿಗೆ ಮಾತು ಕೊಡಲಾಕ ಯಾರೂ ಗುಣ ಆಗೋದು ಬ್ಯಾಡ.”