ಕುಸ್ಕೋದ ಮೊದಲ ಎರಡು ದಿನ

ಸಿದ್ದರಾಜು, ನಿನ್ನ ಮಾತು ಕಿತ್ತುಕೊಂಡವನು ನಾನು. ದೇವರಲ್ಲ, ಪೆರು ದೇಶದ ಗಾಳಿಯಲ್ಲ — ನಾನೇ, ಬೇಕೆಂದೇ. ಇಷ್ಟು ವರ್ಷದಿಂದ ಮಾತಿಲ್ಲದೆ ಮಂಚ ಹಿಡಿದಿದ್ದೀಯ, ಆದರೆ ನಿನ್ನ ಕಿವಿ ಚುರುಕಾಗಿದೆ. ಕೇಳು.

ಕೋಡಿಹಳ್ಳಿ ಸುತ್ತ ಮನೆಮನೆಯಲ್ಲೂ ರೇಷ್ಮೆ ಹುಳು ಸಾಕುತ್ತಿದ್ದ ಕಾಲ ಅದು. ನನ್ನ ಹೆಂಡತಿ ಗೌರಿಯ ಕೈಗುಣ ಊರಿಗೇ ಗೊತ್ತಿತ್ತು. ಮರಿಹುಳುವಿಗೆ ಮೊದಲ ಸೊಪ್ಪು ಹಾಕಲು ಎಲ್ಲರೂ ಅವಳನ್ನೇ ಕರೆಯುತ್ತಿದ್ದರು. ಆ ಸಲ ನಮ್ಮ ಹುಳು ಬೆಳೆದು ಬಿದಿರು ತಟ್ಟೆ ಸಾಲದೆ, ನಿನ್ನ ತಟ್ಟೆಗಳನ್ನು ತಂದೆ. ನಿನ್ನ ಮನೆಯ ಹುಳುವೆಲ್ಲ ಆಗಲೇ ರೋಗ ಬಂದು ಸತ್ತಿದ್ದವು. ನೀನು ಅವನ್ನು ಯಾರಿಗೂ ತಿಳಿಸದೆ ತಿಪ್ಪೆಯಲ್ಲಿ ಹೂತು, ಔಷಧಿ ಹಾಕಿ ತೊಳೆಯದ ತಟ್ಟೆಯನ್ನೇ ನಗುತ್ತ ಕೊಟ್ಟೆ. ನಮ್ಮವೂ ಊದಿಕೊಂಡು, ಬಿಳಿ ನೀರು ಬಿಟ್ಟು ಸತ್ತವು. ಅರಳಿಕಟ್ಟೆಯಲ್ಲಿ ಕೂತು ನೀನು ಏನಂದೆ?

"ಮುಟ್ಟಾದ್ ಹೆಂಗ್ಸು ಹುಳಿನ್ ಮನೆಗೆ ನುಗ್ಗವ್ಳೆ ಕಣ್ರಪ್ಪ. ಇನ್ನೇನಾಯ್ತದೆ?"

ಥೂ ನಿನ್ನ! ಅಂದಿನಿಂದ ಗೌರಿಯನ್ನು ಯಾರೂ ಕರೆಯಲಿಲ್ಲ. ಅವಳು ಬೀದಿಯಲ್ಲಿ ಬಂದರೆ ಹುಳಿನ ಮನೆಯ ಬಾಗಿಲು ಮುಚ್ಚಿಕೊಳ್ಳುತ್ತಿದ್ದರು. ನಿನ್ನ ತಿಪ್ಪೆ ಕೆದಕಿ ನಿಜ ತಿಳಿದ ದಿನ ನಾನು ಜಗಳಕ್ಕೆ ಬರಲಿಲ್ಲ. ಕಾದೆ.

ಪೆರು ದೇಶದ ಬೆಟ್ಟದ ರೈತರಿಗೆ ಹುಳು ಸಾಕುವುದನ್ನು ಕಲಿಸಲು ನಮ್ಮ ಕಡೆಯವರನ್ನು ಕರೆಸಿಕೊಂಡರಲ್ಲ, ಮೊದಲ ವರ್ಷ ನಾನು ಹೋಗಿ ಬಂದೆ. ಮರುವರ್ಷ ನಿನ್ನ ಸರದಿ. ನೀನು ನನ್ನ ಜಗಲಿಗೇ ಬಂದೆ — "ಅಲ್ಲಿ ಹೆಂಗೆ ಏನು ಅಂತ ಒಸಿ ಹೇಳ್ಕೊಡ್ಲಾ."

ನಾನು ಎಷ್ಟು ಅಕ್ಕರೆಯಿಂದ ಹೇಳಿಕೊಟ್ಟೆ! ಮೊದಲು ಇಳಿಯುವ ಲಿಮಾದ ಕಡಲ ದಂಡೆ ಮರಳುಗಾಡೇ, ಆದರೂ ನಮ್ಮ ಆಷಾಢದ ಹೊತ್ತಿಗೆ ಅಲ್ಲಿ ಮಂಜು ಕವಿದು ಥಂಡಿ ಇರುತ್ತದೆ, ಸ್ವೆಟರ್ ಮರೆಯಬೇಡ. ನಲ್ಲಿ ನೀರು ಕಾಯಿಸದೆ ಕುಡಿಯಬೇಡ. ಬೆಟ್ಟದ ಮೇಲೆ ಬಿಸಿಲು ಚುರುಗುಟ್ಟುತ್ತದೆ, ಟೋಪಿ ಇರಲಿ. ಹೊತ್ತು ಮುಳುಗಿದರೆ ಕೊರೆಯುವ ಚಳಿ. ಎಲ್ಲವೂ ನಿಜ — ಒಂದನ್ನು ಬಿಟ್ಟು.

ನಾವು ಹೋಗಬೇಕಾಗಿದ್ದ ಕುಸ್ಕೋ ಬಹಳ ಎತ್ತರದ ಊರು, ಗಾಳಿ ತೆಳು, ಹೊಸಬರಿಗೆ ಉಸಿರು ಸಾಲದು. ನಾನು ಅಲ್ಲಿ ಇಳಿದಾಗ ಮನೆಯೊಡತಿ ಗದರಿಸಿ ಮಲಗಿಸಿದ್ದಳು: ಎರಡು ದಿನ ಓಡಾಡಬೇಡ, ಸ್ವಲ್ಪವೇ ತಿನ್ನು, ತಲೆ ಸಿಡಿದರೆ ಕೂಡಲೇ ಕೆಳಗಿಳಿ. ನನಗೆ ಥಟ್ಟನೆ ಅರ್ಥವಾಗಿತ್ತು. ನಮ್ಮ ಹುಳು ಪೊರೆ ಬಿಡುವ ಮುಂಚೆ ಜ್ವರಕ್ಕೆ ಕೂರುತ್ತದಲ್ಲ, ಆಗ ಸೊಪ್ಪು ಹಾಕುವುದಿಲ್ಲ, ತಟ್ಟೆ ಅಲುಗಿಸುವುದಿಲ್ಲ — ಹಾಗೆಯೇ. "ಜ್ವರಕ್ಕೆ ಕೂತ್ಕೋ" ಎಂದಿದ್ದರೆ ನಿನಗೂ ತಿಳಿಯುತ್ತಿತ್ತು. ನಾನು ಹೇಳಿದ್ದು ಬೇರೆ.

"ಇಳಿದೇಟ್ಗೆ ಹೊಟ್ಟೆ ತುಂಬ ಉಂಡು ಗುಡ್ಡ ಹತ್ಬುಡ್ಲಾ. ಮಲಗಿದ್ರೆ ಮೈ ಜಡ ಆಯ್ತದೆ. ತಲೆ ನೋವು ಬಂದ್ರೂ ನಿಲ್ಬ್ಯಾಡ."

ನೀನು ನಿಲ್ಲಲಿಲ್ಲ. ಎರಡನೆಯ ದಿನ ಕಲ್ಲಿನ ಮೆಟ್ಟಿಲ ಮೇಲೆ ಕುಸಿದೆಯಂತೆ. ತಲೆಯಲ್ಲಿ ರಕ್ತ ಹೆಪ್ಪುಗಟ್ಟಿತು ಎಂದರು. ಬಲಗೈ, ಬಲಗಾಲು, ಮಾತು ಎಲ್ಲ ಕಳೆದುಕೊಂಡು ಊರಿಗೆ ಬಂದೆ. ಕಿತ್ತಳೆ ಹಣ್ಣು ಹಿಡಿದು ನೋಡಲು ಬಂದೆನಲ್ಲ — ಒಳಗೊಳಗೇ ಹಾಲು ಕುಡಿದಷ್ಟು ಸಂತೋಷವಾಗಿತ್ತು ನನಗೆ.

ಮನೆಗೆ ಹೋಗಿ ಗೌರಿಗೆ ಎಲ್ಲ ಹೇಳಿದೆ, ಮೀಸೆ ತಿರುವಿಕೊಂಡೇ ಹೇಳಿದೆ. ಅವಳು ಸೊಪ್ಪು ಹೆಚ್ಚುವುದನ್ನು ನಿಲ್ಲಿಸಿದಳು.

"ಅವ್ನು ಅದೇ ಕಟ್ಟೆ ಮ್ಯಾಲೆ ಕೂತು, ಗೌರಿದೇನೂ ತಪ್ಪಿಲ್ಲ ಅಂತ ಒಂದ್ ಮಾತ್ ಅನ್ಲಿ ಅಂತ ಕಾಯ್ತಿದ್ದೆ. ಆ ಬಾಯ್ನೇ ಮುಚ್ಬುಟ್ಯಲ್ಲ!"

ಆಮೇಲೆ ಅವಳು ಆ ವಿಷಯ ಎತ್ತಲೇ ಇಲ್ಲ. ನಾನು ಕಟ್ಟೆಗೆ ಹೋಗಿ ತಟ್ಟೆಯ ಕತೆ ಹೇಳಿದೆ. ಮಾತು ಬಾರದವನ ಮೇಲೆ ಗೂಬೆ ಕೂರಿಸುತ್ತಾನೆ ಎಂದು ಕೂತಿದ್ದವರೆಲ್ಲ ಎದ್ದು ಹೋದರು. ನನ್ನ ಸಿಟ್ಟು ಇವತ್ತಿಗೂ ಆರಿಲ್ಲ, ಸಿದ್ದರಾಜು. ನಿನ್ನ ಕ್ಷಮೆ ಕೇಳಲು ಬಂದಿಲ್ಲ, ನಿನ್ನನ್ನು ಕ್ಷಮಿಸಲೂ ಆಗುತ್ತಿಲ್ಲ.

ಹೋದ ವಾರ ಗೌರಿಯನ್ನು ಮಣ್ಣು ಮಾಡಿದೆವು. ಬಂದಿದ್ದ ಹೆಂಗಸರಲ್ಲಿ ಒಬ್ಬಳು ಇನ್ನೊಬ್ಬಳ ಕಿವಿಯಲ್ಲಿ ನೀನು ಅಂದಿದ್ದ ಅದೇ ಮಾತನ್ನು ಅಂದಳು. ಅಲ್ಲ ಎನ್ನಬೇಕಾಗಿದ್ದವನು ನೀನು. ನಿನ್ನನ್ನು ಹೀಗೆ ಮಾಡಿದವನು ನಾನು.