ಧೂಳಪ್ಪನ ಗೋಡೆಯ ಮೇಲಿನ ಗಂಟೆ

ನನ್ನ ಕಷಾಯ ಕುಡಿದವರ ಹತ್ತಿರ ಚಳಿಜ್ವರ ಸುಳಿಯುವುದಿಲ್ಲ ಎಂದು ರೇವಣಪ್ಪನ ಪಡಸಾಲೆಯಲ್ಲಿ ಕೂತು ಹೇಳುತ್ತಿದ್ದಾಗಲೇ ನನ್ನ ಹಲ್ಲುಗಳು ಕಟಕಟ ಎನ್ನತೊಡಗಿದವು. ಕೈ ನಡುಗಿ ಪಾದೋದಕದ ಬಟ್ಟಲು ಪೂರ್ತಿ ರೇವಣಪ್ಪನ ಹೊಸ ಧೋತರದ ಮೇಲೆ ಬಿತ್ತು. ಅವನ ಹೆಂಡತಿ ಚಂಪಾಬಾಯಿ ನನಗೊಂದು ಕಂಬಳಿ ಹೊದಿಸಿ, "ಅಯ್ಯನೋರ, ಧೂಳಪ್ಪಗ ಹೇಳಿ ಕಳಸಲೇನ್ರೀ?" ಎಂದಳು.

ಜ್ವರಕ್ಕಿಂತ ಆ ಹೆಸರೇ ನನ್ನನ್ನು ಹೆಚ್ಚು ಸುಟ್ಟಿತು.

ಧೂಳಪ್ಪ ನಮ್ಮ ನಿಲಂಗಾದ ಸರ್ಕಾರಿ ದವಾಖಾನೆಯಲ್ಲಿ ಬಾಟಲಿ ತೊಳೆಯುವವನು. ದವಾಖಾನೆಯ ಕಾಗದಪತ್ರಗಳ ಉರ್ದು ಅವನಿಗೆ ಓದಲು ಬಾರದು; ಕನ್ನಡ, ಮರಾಠಿ ಬಾಯಿಯಲ್ಲಷ್ಟೇ. ನಾನೋ ಮನೆಮನೆಯ ಪೂಜೆಯ ಅಯ್ಯ, ಮೂರು ತಲೆಮಾರಿನ ಕಷಾಯಕ್ಕೆ ವಾರಸುದಾರ. ಆದರೂ ಆ ವರ್ಷದ ಜ್ವರದಲ್ಲಿ ಊರೆಲ್ಲ ಕೇಳುತ್ತಿದ್ದುದು ಅವನನ್ನು.

ಅವನಿಗೊಂದು ಹುಚ್ಚಿತ್ತು. ಒಂದೇ ಜಾಡಿಯ ಕ್ವಿನೈನ್ ನೀರು ಮಾಳವ್ವನಿಗೆ ಹತ್ತಿತು, ಪ್ರಯಾಗಬಾಯಿಗೆ ಹತ್ತಲಿಲ್ಲ, ಯಾಕೆ? ನಾನಾಗಿದ್ದರೆ ಹಣೆಬರಹ ಎಂದು ಮುಗಿಸುತ್ತಿದ್ದೆ. ಅವನು ದಿನಾ ಸಂಜೆ ರೋಗಿಗಳ ಬಾಗಿಲಿಗೆ ಹೋಗಿ, "ಯಾವಾಗ ಕುಡದ್ರಿ? ಚಳಿ ಯಾವಾಗ ಬಂತು?" ಎಂದು ಕೇಳಿ ಬಂದು, ದವಾಖಾನೆಯ ಹಿಂದಿನ ಗೋಡೆಯ ಮೇಲೆ ಇದ್ದಿಲಿನಿಂದ ಗೀಚುತ್ತಿದ್ದ. ಓಣಿಯಲ್ಲಿದ್ದ ಸಾಲಿನಲ್ಲೇ ಮನೆಗೊಂದು ಚೌಕ, ಔಷಧಕ್ಕೊಂದು ಬಾಟಲಿ, ಹೊತ್ತಿಗೊಂದು ಸೂರ್ಯ, ಚಳಿಗೆ ಡೊಂಕು ಗೆರೆ. ಡಾಕ್ಟರ್ ಸಾಹೇಬರು ಆ ಗೋಡೆಯ ಮುಂದೆ ನಿಂತು ನೋಡುತ್ತಿದ್ದರಂತೆ. ನಾನು ಕೈಯಾರೆ ಬರೆದ ಪಂಚಾಂಗವನ್ನು ನನ್ನ ಹೆಂಡತಿ ಅನುಸೂಯಾಬಾಯಿ ಕೂತುಕೊಂಡು ಸಹ ನೋಡಿದವಳಲ್ಲ.

ಆ ಗೋಡೆ ಉಳಿದರೆ ನನ್ನ ಕಷಾಯ ಉಳಿಯುವುದಿಲ್ಲ ಎನಿಸಿತು. ಜ್ವರ ಬಿಟ್ಟ ಮೂರನೆಯ ದಿನ, ಮಟಮಟ ಮಧ್ಯಾಹ್ನ, ಒದ್ದೆ ಬಟ್ಟೆ ಹಿಡಿದು ಹೋದೆ. ಬಟ್ಟೆ ಎತ್ತಿದವನು ಹಾಗೇ ನಿಂತೆ. ಔಷಧ ಹತ್ತದ ಹನ್ನೊಂದು ಮನೆಗಳ ಮೇಲೂ ಪುಟ್ಟದೊಂದು ಗಂಟೆಯ ಚಿತ್ರವಿತ್ತು.

"ಅಳಸ್ತೀರೇನ್ರೀ?" ಬಾಟಲಿಯ ಬುಟ್ಟಿ ಹೊತ್ತ ಧೂಳಪ್ಪ ಹಿಂದೆಯೇ ನಿಂತಿದ್ದ.

"ಜ್ಯಾಡರ ಬಲಿ ತೆಗೀಲತ್ತೀನಿ."

"ಹೌದ್ರೀ, ಭಾಳ ಆಗ್ಯಾವ."

"ಈ ಗಂಟಿ ಯಾರದೋ?"

"ನಿಮ್ದೇರೀ. ನೀವು ಪೂಜಿಗಿ ಹೋಗೋ ಮನಿಗೋಳವು. ನಿಮ್ಮ ಪೂಜಿ ಮುಗಿಯೋತನಾ ಅವರು ಬಾಯಾಗ ಹನಿ ನೀರು ಹಾಕಲ್ಲ. ಹೊತ್ತೇರಿದ ಮ್ಯಾಲ ಔಷಧ ಕುಡೀತಾರ. ಅಷ್ಟೊತ್ತಿಗಿ ಚಳಿ ಬಂದು ಕುಂತಿರ್ತದ. ಉಳಿದೋರು ಮುಂಜಾನೇನೇ ಕುಡೀತಾರ. ಚಳಿ ಬರೋ ಮೊದಲೇ ಔಷಧ ಮೈಯಾಗ ಇರ್ತದ."

ಪ್ರಯಾಗಬಾಯಿಯ ಮನೆಯಲ್ಲಿ ಕೆನೆಹಾಲು ಕಾಯುವವರೆಗೂ ನಾನು ಮಂತ್ರ ಎಳೆಯುತ್ತಿದ್ದುದು ಶಿವನಿಗೆ ಮತ್ತು ನನಗೆ ಮಾತ್ರ ಗೊತ್ತು ಅಂದುಕೊಂಡಿದ್ದೆ. ಆ ಮನೆಯ ಮೇಲಿನ ಸೂರ್ಯ ನೆತ್ತಿಗೇರಿದ್ದ.

ಬಟ್ಟೆಯನ್ನು ಬಗಲಿಗೆ ಸಿಕ್ಕಿಸಿಕೊಂಡು ಕೇಳಿದೆ: "ಹಂಗಾರ ಇಷ್ಟು ಮನ್ಯಾಗ ನನ್ನಿಂದ ಒಂದರೇ ಉಪಯೋಗ ಆಗಿಲ್ಲೇನೋ?"

ಧೂಳಪ್ಪ ಬುಟ್ಟಿ ಇಳಿಸಿ, ಗೋಡೆಯನ್ನು ಮೇಲಿಂದ ಕೆಳಗಿನವರೆಗೆ ನಿಧಾನವಾಗಿ ನೋಡಿದ.

"ಆಗ್ಯದಲ್ರೀ. ಔಷಧ ಯಾವಾಗ ಕುಡೀಬಾರದಂತ ನಿಮ್ಮಿಂದೇ ತಿಳೀತು."